ಗುರುವಿನ ಷರಾ, ವಿದ್ಯಾರ್ಥಿಯ ಸ್ಥೈರ್ಯ

ಮುಂಬಯಿಯ ಕಾಲೇಜು ವಿದ್ಯಾರ್ಥಿಗಳ ಬಾಯಲ್ಲಿ 'ಎ.ಟಿ.ಕೆ.ಟಿ.' ಎಂಬ ನಾಲ್ಕಕ್ಷರಗಳು ಸದಾ ಓಡಾಡುತ್ತಿರುತ್ತವೆ. ಕೆಲವು ವಿಷಯಗಳಲ್ಲಿ ಅನುತ್ತೀರ್ಣನಾದವನೂ ಮುಂದಿನ ತರಗತಿಗೆ ಹೋಗಿ, ಉಳಿದುದನ್ನು ಮತ್ತೆ ಬರೆದು ಮುಗಿಸಬಹುದೆಂಬ ಸೌಲಭ್ಯವಿದು. ನಿಯಮವೇನೋ ಉದಾರವಾದುದೇ. ಆದರೆ ಡೊಂಬಿವಲಿಯಿಂದಲೋ ವಿರಾರಿನಿಂದಲೋ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ನಿಂತು ಬರುವ, ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗನಾದ ಹುಡುಗ 'ಇದು ನಮ್ಮಂಥವರಿಗಲ್ಲ' ಎಂದು ಬಗೆದುಬಿಟ್ಟರೆ, ಬಾಕಿ ಉಳಿದ ಒಂದು ವಿಷಯದ ನೆಪದಲ್ಲಿ ವಿದ್ಯೆಯನ್ನೇ ಕೈಬಿಟ್ಟಾನು.

ಸೋಲಿಗೆ ಎದೆಗುಂದದೆ ಮರಳಿ ಓದಿಗೆ ಕೂರುವ ಬಲವನ್ನು ಮನಶ್ಶಾಸ್ತ್ರಜ್ಞರು ಶೈಕ್ಷಣಿಕ ಸ್ಥೈರ್ಯವೆನ್ನುತ್ತಾರೆ. ಬೆಳೆಯಿಸಿದರೆ ಬೆಳೆಯುವ ಗುಣವಿದು. ಅದನ್ನು ಬೆಳೆಯಿಸುವ ಸಾಧನಗಳಲ್ಲಿ ಅಧ್ಯಾಪಕರ ಷರಾದಷ್ಟು ಅಗ್ಗವಾದುದು ಬಹುಶಃ ಇನ್ನೊಂದಿಲ್ಲ.

1988ರಲ್ಲಿ ಇಸ್ರೇಲಿನ ರೂತ್ ಬಟ್ಲರ್ ಶಾಲಾ ಮಕ್ಕಳಲ್ಲಿ ಕೆಲವರಿಗೆ ಬರಿಯ ಅಂಕವನ್ನೂ, ಕೆಲವರಿಗೆ ಬರಿಯ ಟಿಪ್ಪಣಿಯನ್ನೂ, ಉಳಿದವರಿಗೆ ಎರಡನ್ನೂ ಕೊಟ್ಟು ನೋಡಿದರು. ಟಿಪ್ಪಣಿ ಮಾತ್ರ ಪಡೆದವರಲ್ಲಿ ಆಸಕ್ತಿ ಉಳಿಯಿತು. ಎರಡನ್ನೂ ಪಡೆದವರಲ್ಲಿ ಅಷ್ಟು ಉಳಿಯಲಿಲ್ಲ. ಅಂಕ ಕಂಡ ಕಣ್ಣು ಅದರ ಕೆಳಗಿನ ಸಾಲಿಗೆ ಇಳಿಯುವುದಿಲ್ಲವೆಂದು ತೋರುತ್ತದೆ! ಹಾಗೆಂದು ಎಲ್ಲ ಷರಾವೂ ಹಿತಕರವಲ್ಲ. ಹಿಂದಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 1996ರಲ್ಲಿ ಕ್ಲೂಗರ್ ಮತ್ತು ಡಿನಿಸಿ ಪರಿಶೀಲಿಸಿದಾಗ, ಮೂರರಲ್ಲೊಂದು ಪಾಲಿಗೂ ಹೆಚ್ಚಿನ ಸಂದರ್ಭಗಳಲ್ಲಿ ಇಂಥ ಅಭಿಪ್ರಾಯದಿಂದ ಸಾಧನೆ ಕುಗ್ಗಿದುದು ಕಂಡುಬಂದಿತು. 'ಸಾಲದು' ಎಂಬ ಕೆಂಪು ಶಾಯಿಯ ಒಂದು ಪದ ವಿದ್ಯಾರ್ಥಿಗೆ ದಾರಿಯನ್ನೇನೂ ತೋರಿಸದು. 'ವಾದ ಎರಡನೆಯ ಪುಟದವರೆಗೆ ಸರಿಯಾಗಿದೆ, ಮುಂದೆ ಆಧಾರವಿಲ್ಲ. ಅಷ್ಟನ್ನು ತಿದ್ದಿ ಶುಕ್ರವಾರ ತೋರಿಸು' ಎಂದರೆ ಅವನಿಗೆ ಮಾಡಲು ಕೆಲಸವೊಂದು ಸಿಕ್ಕಿತು. ಅಮೆರಿಕದ ಡೇವಿಡ್ ಯೇಗರ್, ಜೆಫ್ರಿ ಕೋಹೆನ್ ಮೊದಲಾದವರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಿದ್ದಿದ ಪ್ರಬಂಧದೊಡನೆ 'ನಿನ್ನಿಂದ ಹೆಚ್ಚಿನದನ್ನು ನಿರೀಕ್ಷಿಸುತ್ತೇನೆ, ನೀನು ಅದನ್ನು ಮುಟ್ಟಬಲ್ಲೆ' ಎಂಬರ್ಥದ ಚೀಟಿಯಿಟ್ಟಾಗ, ಮತ್ತೆ ತಿದ್ದಿ ಬರೆದವರ ಸಂಖ್ಯೆ ಏರಿತು. ಶಾಲೆ ತಮ್ಮನ್ನು ಕೀಳಾಗಿ ಕಾಣುತ್ತದೆಂಬ ಶಂಕೆಯುಳ್ಳ ಕರಿಯ ಜನಾಂಗದ ಮಕ್ಕಳಲ್ಲಿ ಈ ಏರಿಕೆ ವಿಶೇಷವಾಗಿತ್ತು. ಪರಭಾಷೆಯ ನಗರದಲ್ಲಿ ಕಲಿಯುವ ವಲಸಿಗರ ಮಕ್ಕಳ ತಾಯ್ತಂದೆಯರು ಗಮನಿಸಬೇಕಾದ ಸಂಗತಿಯಿದು.

ಮುಂಬಯಿ ಕನ್ನಡಿಗರಿಗೆ ಇದು ತೀರ ಹೊಸದಲ್ಲ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಮೆಟ್ರಿಕ್ ಮುಗಿಸಿ, ಮುಂದೆ ಪದವಿ ಪಡೆದವರ ಒಂದು ಪರಂಪರೆಯೇ ಇಲ್ಲಿದೆ. ದುಡಿಯುವವರ ಅನುಕೂಲವನ್ನು ನೆನೆದು ಡಾ. ಅಂಬೇಡ್ಕರರ ಪೀಪಲ್ಸ್ ಎಜುಕೇಷನ್ ಸೊಸೈಟಿ 1946ರಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದ ನಗರವೂ ಇದೇ. ನಿದ್ದೆಗಣ್ಣಿನ ಹುಡುಗನ ಪುಸ್ತಕ ತಿದ್ದುವ ಮಾಸ್ತರರಿಗೆ ಅವನ ದಣಿವೂ ಗೊತ್ತಿರಬೇಕಾಗಿತ್ತು.

1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯಕ್ಕೆ ಇಂದು ನೂರಾರು ಕಾಲೇಜುಗಳು ಸೇರಿವೆ. 2017ರಲ್ಲಿ ಉತ್ತರಪತ್ರಿಕೆಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ಪರಿಶೀಲಿಸುವ ಕ್ರಮ ಜಾರಿಗೆ ಬಂದಾಗ ಫಲಿತಾಂಶ ತಿಂಗಳುಗಟ್ಟಲೆ ತಡವಾಯಿತು. ಇಷ್ಟು ದೊಡ್ಡ ವ್ಯವಸ್ಥೆಯಲ್ಲಿ ವಿಶ್ವವಿದ್ಯಾಲಯದ ಪರೀಕ್ಷೆಯಿಂದ ಆಪ್ತ ಷರಾವನ್ನು ನಿರೀಕ್ಷಿಸುವುದು ವ್ಯರ್ಥ. ಅದಕ್ಕೆ ಎಡೆಯಿರುವುದು ಕಾಲೇಜಿನ ಕಿರುಪರೀಕ್ಷೆ ಮತ್ತು ಪ್ರಬಂಧಗಳಲ್ಲಿ. ವಿದ್ಯಾರ್ಥಿಯು ಅವುಗಳನ್ನು ಮಡಚಿ ಚೀಲಕ್ಕೆ ತುರುಕದೆ, ಅದೇ ವಾರ ಅಧ್ಯಾಪಕರ ಬಳಿಗೊಯ್ದು 'ಎಲ್ಲಿ ತಪ್ಪಿದೆ?' ಎಂದು ಕೇಳುವುದು ಲೇಸು. ಸಂಕೋಚ ಸಹಜ, ಆದರೆ ಕೇಳಲು ಬಂದವನನ್ನು ಗದರಿಸಿ ಅಟ್ಟುವ ಅಧ್ಯಾಪಕರು ವಿರಳ. ಮನೆಯವರೂ 'ಎಷ್ಟು ಬಂತು?' ಎಂಬುದರ ಜೊತೆಗೆ 'ಸರ್ ಏನು ಬರೆದಿದ್ದಾರೆ?' ಎಂದು ವಿಚಾರಿಸಬಹುದು.

ಷರಾ ಮದ್ದಲ್ಲವೆಂಬುದನ್ನೂ ಮರೆಯುವಂತಿಲ್ಲ. ಎರಡು ವಾರ ಮೀರಿ ನಿದ್ದೆ ಕೆಟ್ಟು, ಊಟ ಸೇರದೆ, ಮಾತು ನಿಂತರೆ ವೈದ್ಯರನ್ನು ಕಾಣಲೇಬೇಕು. ಬದುಕೇ ಬೇಡವೆಂಬ ಮಾತು ಬಾಯಿಂದ ಬಂದರೆ ಒಂದು ದಿನವೂ ಕಾಯದೆ, ಆತನನ್ನು ಒಬ್ಬನೇ ಬಿಡದೆ ನೆರವು ಪಡೆಯಬೇಕು. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ದೂರವಾಣಿ 14416 ಹಗಲಿರುಳೂ ತೆರೆದಿರುತ್ತದೆ, ಕರೆ ಉಚಿತ.