ಆಡುವ ರಾಣಿ, ಆಟದ ಬೊಂಬೆ

ಸತ್ತವರನ್ನು ಉಳಿಸಿಕೊಳ್ಳಲು ಮನುಷ್ಯನು ಹೂಡಿದ ಉಪಾಯಗಳು ಒಂದೆರಡಲ್ಲ. ಕೆಲವರು ಕಲ್ಲು ನಿಲ್ಲಿಸಿದರು, ಕೆಲವರು ಹಾಡು ಕಟ್ಟಿದರು. ಪ್ರಾಚೀನ ಈಜಿಪ್ಟಿನವರು ದೇಹವನ್ನೇ ಕಾಪಾಡಿಕೊಂಡರು. ನೇಟ್ರನ್ ಎಂಬ ಉಪ್ಪಿನಲ್ಲಿ ಒಣಗಿಸಿ, ಅಗಸೆನಾರಿನ ಬಟ್ಟೆಯಲ್ಲಿ ಸುತ್ತಿ, ಸುಮಾರು 70 ದಿನಗಳ ಸಂಸ್ಕಾರದಿಂದ ಸಿದ್ಧಪಡಿಸಿದ ಆ ಕಳೇಬರವೇ ಮಮ್ಮಿ. ದೇಹವೂ ಹೆಸರೂ ಅಳಿಯದಿದ್ದರೆ ಸತ್ತವರು ಪರಲೋಕದಲ್ಲಿ ಬಾಳುವರೆಂಬುದು ಅವರ ನಂಬಿಕೆ. ಅವರು ಮತ್ತೆ ಉಣ್ಣಲಿ, ಉಸಿರಾಡಲಿ, ಮಾತನಾಡಲಿ ಎಂದು ‘ಬಾಯಿ ತೆರೆಯಿಸುವ’ ವಿಧಿಯೊಂದನ್ನೂ ನಡೆಸುತ್ತಿದ್ದರು.

ಮಾತನಾಡಲೆಂದು ಉಳಿಸಿದ ಆ ದೇಹಕ್ಕೆ ನಮ್ಮ ಕಾಲದ ವಿಡಿಯೋ ಆಟದಲ್ಲಿ ಒದಗಿದ ಗತಿ ಏನು? 2017ರಲ್ಲಿ ‘ದ ಮಮ್ಮಿ’ ಎಂಬ ಚಲನಚಿತ್ರ ಬಂದಿತು. ಅದರ ಕಲ್ಪಿತ ರಾಜಕುಮಾರಿ ಅಹ್ಮನೆಟ್ ಸಿಂಹಾಸನಕ್ಕೆ ಉತ್ತರಾಧಿಕಾರಿಣಿ. ತಂದೆಗೆ ಗಂಡುಮಗು ಹುಟ್ಟಿದೊಡನೆ ಆ ಹಕ್ಕು ಜಾರಿಹೋಗುತ್ತದೆ. ಅವಳು ಸೆಟ್ ದೇವತೆಯೊಡನೆ ಒಪ್ಪಂದ ಮಾಡಿಕೊಂಡು ತಂದೆಯನ್ನೂ ಶಿಶುವನ್ನೂ ಕೊಲ್ಲುತ್ತಾಳೆ. ಜೀವಂತವಾಗಿಯೇ ಮಮ್ಮಿಯಾಗಿ ಹೂಳಲ್ಪಡುತ್ತಾಳೆ. ಘೋರವಾದರೂ ಇದು ದುರಂತ ನಾಟಕಕ್ಕೆ ತಕ್ಕ ವಸ್ತು. ಅದೇ ವರ್ಷ ವೇಫಾರ್ವರ್ಡ್ ಸಂಸ್ಥೆಯು ಈ ಕಥೆಯನ್ನು ಆಧರಿಸಿ ‘ದ ಮಮ್ಮಿ ಡಿಮಾಸ್ಟರ್ಡ್’ ಎಂಬ ಆಟವನ್ನು ಹೊರತಂದಿತು. ಅಲ್ಲಿ ನಾವು ರಾಜಕುಮಾರಿಯಲ್ಲ, ಅವಳ ಬೇಟೆಗೆ ಹೊರಟ ಬಂದೂಕುಧಾರಿಗಳು.

ಆದರೂ ಆ ಆಟದಲ್ಲಿ ಮೆಚ್ಚತಕ್ಕ ಕಲ್ಪನೆಯೊಂದುಂಟು. ನಮ್ಮ ಯೋಧನು ಸತ್ತರೆ ಅವನ ಶವ ಶಾಪಗ್ರಸ್ತವಾಗಿ ಏಳುತ್ತದೆ. ಹೊಸದಾಗಿ ಬಂದ ಯೋಧನು, ತಾನೇ ಆಗಿದ್ದ ಆ ಶವದೊಡನೆ ಹೋರಾಡಿ ಕಳೆದುಕೊಂಡ ಆಯುಧಗಳನ್ನು ಮರಳಿ ಪಡೆಯಬೇಕು. ಈಜಿಪ್ಟಿನವರಿಗೆ ದೇಹ ಉಳಿಯುವುದು ಭರವಸೆಯಾಗಿದ್ದರೆ, ಇಲ್ಲಿ ಅದೇ ಭೀತಿ.

ಈ ಭೀತಿ ಅನಿವಾರ್ಯವೇನಲ್ಲ. ಫ್ರೆಂಚ್ ಲೇಖಕ ಥಿಯೋಫಿಲ್ ಗೋತಿಯೆ 1840ರಲ್ಲಿ ಒಂದು ಸಣ್ಣಕಥೆ ಬರೆದನು. ಕಥಾನಾಯಕನು ಕಾಗದ ಹಾರದಂತೆ ಇಡಲೆಂದು ಹಳೆಯ ಸಾಮಾನಿನ ಅಂಗಡಿಯಿಂದ ಮಮ್ಮಿಯೊಂದರ ಪಾದವನ್ನು ಕೊಂಡುತರುತ್ತಾನೆ. ಇರುಳಲ್ಲಿ ರಾಜಕುಮಾರಿ ಹರ್ಮಾಂತಿಸ್ ಒಂಟಿಕಾಲಿನಲ್ಲಿ ಕುಪ್ಪಳಿಸುತ್ತ ಬರುತ್ತಾಳೆ. ಶಪಿಸಲು ಅಲ್ಲ, ತನ್ನ ಪಾದವನ್ನು ಕೇಳಲು! ಅವನು ಅದನ್ನು ಹಿಂದಿರುಗಿಸುತ್ತಾನೆ. ನಗೆಯ ಕಥೆಯೇ ಹೌದು. ಆದರೆ ಅಲ್ಲಿ ಸತ್ತವಳಿಗೆ ಮಾತಿದೆ, ಹಕ್ಕಿದೆ.

ದಿಟದ ಚರಿತ್ರೆ ಈ ನಗೆಗಿಂತ ಹೆಚ್ಚು ಕರುಣಾಜನಕ. ಎರಡನೆಯ ರಾಮ್ಸೆಸ್‌ನ ಪಟ್ಟದರಸಿ ನೆಫರ್ತಾರಿಯ ಸಮಾಧಿಯನ್ನು ಇಟಲಿಯ ಸ್ಕಿಯಾಪರೆಲ್ಲಿ 1904ರಲ್ಲಿ ಪತ್ತೆಮಾಡಿದನು. ಕಳ್ಳರು ಎಂದೋ ಅದನ್ನು ದೋಚಿದ್ದರು. ಉಳಿದುದರಲ್ಲಿ ಕಾಲುಗಳ ತುಂಡುಗಳು ಈಗ ಟ್ಯೂರಿನ್‌ನ ವಸ್ತುಸಂಗ್ರಹಾಲಯದಲ್ಲಿವೆ. ಅವು ಬಹುಶಃ ಅವಳವೇ ಎಂದು 2016ರ ಸಂಶೋಧನೆ ತಿಳಿಸಿತು.

ದೇಹ ಚೂರಾದರೂ ಗೋಡೆಯ ಚಿತ್ರ ಉಳಿದಿದೆ. ಅದರಲ್ಲಿ ನೆಫರ್ತಾರಿ ‘ಸೆನೆಟ್’ ಆಡುತ್ತ ಕುಳಿತಿದ್ದಾಳೆ. ನಮ್ಮ ಪಗಡೆಯನ್ನು ನೆನಪಿಗೆ ತರುವ, 30 ಮನೆಗಳ ಹಲಗೆಯಾಟ ಅದು. ಪರಲೋಕದ ಪಯಣಕ್ಕೂ ಅದಕ್ಕೂ ನಂಟು ಕಲ್ಪಿಸಿದ್ದರು. ಪಗಡೆಯಲ್ಲಿ ಪಣವಾದ ರಾಣಿಯನ್ನು ನಾವು ಬಲ್ಲೆವು. ಇವಳಾದರೋ ಪಣವಲ್ಲ, ಆಡುವವಳು.

ಇಂದಿನ ವಿದ್ಯಾರ್ಥಿಗೆ ಈಜಿಪ್ಟಿನ ಮೊದಲ ಪರಿಚಯ ಪುಸ್ತಕಕ್ಕೆ ಮುಂಚೆ ಆಟದಿಂದಲೇ ಆಗುವುದುಂಟು. ಅದರಲ್ಲಿ ತಪ್ಪೇನಿಲ್ಲ, ಕಥೆ ಯಾವ ಬಾಗಿಲಿನಿಂದ ಬಂದರೂ ಕಥೆಯೇ. ಆದರೆ ಗುಂಡಿಗೆ ಗುರಿಯಾದವಳನ್ನಷ್ಟೇ ಕಂಡವನು ಅವಳ ನಾಡನ್ನು ಕಂಡಂತಾಯಿತೆ? ಚಿತ್ರದಲ್ಲಿ ನೆಫರ್ತಾರಿಯ ಎದುರಿಗೆ ಆಡುವವರು ಯಾರೂ ಇಲ್ಲ. ಆ ಬರಿದಾದ ಎಡೆಯಲ್ಲಿ ಆಟಗಾರನನ್ನು ಕುಳ್ಳಿರಿಸಿ, ಅವಳೊಡನೆ ಕಾಯಿ ನಡೆಸಲು ಹೇಳುವ ಆಟವೊಂದು ಹುಟ್ಟಲಿ. ಗೆದ್ದವರು ಯಾರೇ ಆಗಲಿ, ಅವಳ ಹೆಸರು ಅಲ್ಲಿ ಮತ್ತೊಮ್ಮೆ ಕೇಳಿಬಂದೀತು.