ಫಲಕಕ್ಕಿಲ್ಲದ ತಲೆಯೆಣಿಕೆ ರಜೆಗೇಕೆ?

ಪವಾಯಿಯ ಕೆರೆಯ ಬಳಿ ಐ.ಐ.ಟಿ. ಸ್ಥಾಪನೆಯಾದುದು 1958ರಲ್ಲಿ. ಅದರ ತರುವಾಯ ಆ ಪ್ರದೇಶದಲ್ಲಿ ಮುಗಿಲೆತ್ತರದ ಮನೆಗಳೂ ಕಚೇರಿಗಳೂ ಎದ್ದು ನಿಂತವು. ಅಲ್ಲಿ ದುಡಿಯುವವರಿಗೆ ಚಹಾ, ಇಡ್ಲಿ, ರೈಸ್‌ಪ್ಲೇಟು ಒದಗಿಸುವ ಚಿಕ್ಕ ಹೊಟೇಲುಗಳು ನಮ್ಮ ಊರುಗಳಿಂದ ಬಂದ ಎಷ್ಟೋ ಮಂದಿಗೆ ಅನ್ನದ ದಾರಿಯಾಗಿವೆ. ಇಂತಹ ಚಿಕ್ಕ ಉದ್ದಿಮೆಗಳನ್ನು ಕುರಿತು ರಾಜ್ಯ ಸರಕಾರವು ಇತ್ತೀಚಿನ ವರ್ಷಗಳಲ್ಲಿ ಒಂದರ ಹಿಂದೊಂದು ನಿಯಮಗಳನ್ನು ತಂದಿದೆ. ಅವುಗಳಿಂದ ಮಾಲಕರಿಗೇನು, ಕೆಲಸಗಾರರಿಗೇನು ಎಂಬುದನ್ನು ವಾಚಕರ ಮುಂದಿಡುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಅಂಗಡಿ-ಹೊಟೇಲುಗಳ ಕೆಲಸಗಾರರಿಗಾಗಿ ಕಾಯಿದೆ ಮಾಡುವುದರಲ್ಲಿ ಮುಂಬಯಿಯೇ ದೇಶಕ್ಕೆ ಮೊದಲು. 1939ರಲ್ಲಿ ಇಲ್ಲಿ ಮೊದಲ ಕಾಯಿದೆ ಬಂತು. ಅದರ ಸ್ಥಾನದಲ್ಲಿ 1948ರದು ಬಂತು. ಆ ಕಾಯಿದೆಯು ಹೊಟೇಲಿನಲ್ಲಿ ಎಷ್ಟು ಜನರಿದ್ದಾರೆಂದು ಕೇಳಲಿಲ್ಲ. ಒಬ್ಬನೇ ಕೆಲಸಗಾರನಿದ್ದರೂ ಅವನಿಗೆ ವಾರಕ್ಕೊಂದು ರಜೆ ಸಲ್ಲಬೇಕೆಂದಿತು. ಕಾಗದದ ಮೇಲಿನ ಹಕ್ಕು ತಾನಾಗಿ ಕೈಗೆ ಬರಲಿಲ್ಲವೆಂಬುದೂ ನಿಜವೇ. 1950ರ ದಶಕದಲ್ಲಿ ಮಂಗಳೂರಿನಿಂದ ಬಂದ ಜಾರ್ಜ್ ಫೆರ್ನಾಂಡಿಸರು ಈ ನಗರದ ಚಿಕ್ಕ ಹೊಟೇಲುಗಳ ಕೆಲಸಗಾರರನ್ನು ಸಂಘಟಿಸಬೇಕಾಗಿ ಬಂದುದು ಅದಕ್ಕಾಗಿಯೇ. ಆದರೂ ಕೇಳುವವನಿಗೆ ಕಾಯಿದೆಯ ಆಧಾರವಿತ್ತು.

2017ರ ಡಿಸೆಂಬರ 19ರಂದು ಹೊಸ ಮಹಾರಾಷ್ಟ್ರ ಕಾಯಿದೆ ಜಾರಿಗೆ ಬಂದು ಹಳೆಯದು ರದ್ದಾಯಿತು. ಇದರಲ್ಲಿ ಕೆಲಸಗಾರನಿಗೆ ಒಳ್ಳೆಯ ಅಂಶಗಳು ಕಡಿಮೆಯಿಲ್ಲ. ವಾರಕ್ಕೊಮ್ಮೆ ಸತತ 24 ತಾಸುಗಳ ಬಿಡುವು, ವಾರದಲ್ಲಿ 48 ತಾಸಿನ ಮಿತಿ, ಹೆಚ್ಚಿನ ದುಡಿಮೆಗೆ ಇಮ್ಮಡಿ ಕೂಲಿ, ವರ್ಷಕ್ಕೆ 8 ದಿನಗಳ ಸಾಂದರ್ಭಿಕ ರಜೆ, 8 ದಿನಗಳ ಹಬ್ಬದ ರಜೆ, ಗುರುತು ಚೀಟಿ ಎಲ್ಲವೂ ಇವೆ. ಆದರೆ ಇವೆಲ್ಲ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿಗೆ ಮಾತ್ರ. ಅದಕ್ಕಿಂತ ಕಡಿಮೆ ಇದ್ದರೆ ಮಾಲಕನು ತನ್ನ ವ್ಯಾಪಾರದ ವಿವರವನ್ನು ಅಧಿಕಾರಿಗಳಿಗೆ ತಿಳಿಸಿದರೆ ಸಾಕು.

ಈ ಗೆರೆ ಮತ್ತೂ ಮೇಲಕ್ಕೇರುತ್ತಿದೆ. 2025ರ ಸೆಪ್ಟೆಂಬರ 3ರಂದು ರಾಜ್ಯ ಮಂತ್ರಿಮಂಡಲವು ಒಪ್ಪಿದ ತಿದ್ದುಪಡಿಯು ಹತ್ತನ್ನು ಇಪ್ಪತ್ತಕ್ಕೆ ಏರಿಸುವಂಥದು. ದಿನದ ದುಡಿಮೆಯನ್ನು 9ರಿಂದ 10 ತಾಸಿಗೆ, ಮೂರು ತಿಂಗಳಲ್ಲಿ ಹೆಚ್ಚುವರಿ ದುಡಿಮೆಯ ಮಿತಿಯನ್ನು 125ರಿಂದ 144 ತಾಸಿಗೆ ಏರಿಸುವ ಮಾತೂ ಅದರಲ್ಲಿದೆ. ವಾರದ 48 ತಾಸಿನ ಮಿತಿ ಮಾತ್ರ ಹಾಗೆಯೇ ಇದೆ.

ಇದರ ಅರ್ಥವೇನೆಂಬುದನ್ನು ಲೆಕ್ಕ ಹಾಕಿ ನೋಡೋಣ. ಅಡಿಗೆಗೆ ಇಬ್ಬರು, ದೋಸೆಯ ಕಲ್ಲಿಗೆ ಒಬ್ಬ, ಚಹಾ-ಕಾಫಿಗೆ ಒಬ್ಬ, ಸಪ್ಲಾಯರರು ನಾಲ್ವರು, ಕ್ಲೀನರರು ಮೂವರು, ಲೆಕ್ಕ ಬರೆಯಲು ಒಬ್ಬ ಗುಮಾಸ್ತ, ಒಟ್ಟು ಹನ್ನೆರಡು ಮಂದಿ. ಗೆರೆ ಹತ್ತರಲ್ಲಿದ್ದರೆ ಈ ಹನ್ನೆರಡು ಮಂದಿಗೆ ವಾರದ ಬಿಡುವು ಹಕ್ಕು. ಇಪ್ಪತ್ತಕ್ಕೆ ಏರಿದರೆ ಅದು ಧಣಿಗಳ ದಯೆ. ಪಾತ್ರೆ ಅವೇ, ಒಲೆ ಅದೇ, ದುಡಿಮೆ ಅದೇ. ಬದಲಾದುದು ಒಂದು ಅಂಕಿ ಮಾತ್ರ. ಒಂದು ದಿನದ ಬಿಡುವೆಂದರೆ ಊರಿಗೆ ಕಾಗದ ಬರೆಯುವ, ಬಟ್ಟೆ ಒಗೆಯುವ, ಜ್ವರ ಬಂದರೆ ಮಲಗುವ ದಿನ. ಅದರ ಬೆಲೆ ಅದನ್ನು ಕಳೆದುಕೊಂಡವನಿಗೆ ಗೊತ್ತು.

ಇನ್ನೊಂದು ನಿಯಮವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಂಗಡಿಯ ಹೆಸರಿನ ಫಲಕದಲ್ಲಿ ಮರಾಠಿ ಬರಹ ಕಡ್ಡಾಯವೆಂಬ ನಿಯಮಕ್ಕೆ 2022ರ ತಿದ್ದುಪಡಿಯು ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗಳನ್ನೂ ಒಳಪಡಿಸಿತು. 2023ರ ಸೆಪ್ಟೆಂಬರ 25ರಂದು ಸರ್ವೋಚ್ಚ ನ್ಯಾಯಾಲಯವು ವ್ಯಾಪಾರಿಗಳಿಗೆ ಎರಡು ತಿಂಗಳ ಗಡುವು ನೀಡಿತು. ಗಡುವು ಮುಗಿದೊಡನೆ ಮಹಾನಗರಪಾಲಿಕೆಯು ತಪಾಸಣೆಗೆ ತೊಡಗಿತು. ನಾವು ಬಾಳುತ್ತಿರುವ ನಾಡಿನ ಭಾಷೆಗೆ ನಮ್ಮ ಬಾಗಿಲಲ್ಲಿ ಮೊದಲ ಮರ್ಯಾದೆ ಸಲ್ಲುವುದು ಯೋಗ್ಯವೇ. ಅದಕ್ಕೆ ನಮ್ಮ ತಕರಾರಿಲ್ಲ. ನಮ್ಮ ಪ್ರಶ್ನೆ ಬೇರೆ. ಫಲಕದ ವಿಷಯದಲ್ಲಿ ಚಿಕ್ಕ ಅಂಗಡಿಯನ್ನು ಬಿಡದ ಸರಕಾರವು ಕೆಲಸಗಾರನ ಬಿಡುವಿನ ವಿಷಯದಲ್ಲಿ ಮಾತ್ರ ತಲೆಯೆಣಿಸುವುದೇಕೆ?

ಚಿಕ್ಕ ಮಾಲಕರ ಕಷ್ಟವನ್ನೂ ನಾವು ಬಲ್ಲೆವು. ಅವರಲ್ಲಿ ಅನೇಕರು ಒಂದು ಕಾಲದಲ್ಲಿ ತಟ್ಟೆ ತೊಳೆಯಲು ಬಂದವರೇ. ಜಾಗದ ಬಾಡಿಗೆ, ಗ್ಯಾಸಿನ ಬೆಲೆ, ಹತ್ತಾರು ಪರವಾನಗಿಗಳ ನಡುವೆ ಒಂದು ರಿಜಿಸ್ಟರು ಕಡಿಮೆಯಾದರೂ ಅವರಿಗೆ ಉಸಿರಾಡಿದಂತಾದೀತು. ಕಾಗದದ ಹೊರೆ ಇಳಿಯಲಿ. ಆದರೆ ಅದರ ಜತೆಗೆ ಕೆಲಸಗಾರನ ರಜೆಯೂ ಇಳಿದುಹೋಗುವುದು ನ್ಯಾಯವಲ್ಲ. ಇವೆರಡನ್ನೂ ಬೇರ್ಪಡಿಸುವುದು ಸರಕಾರಕ್ಕೆ ಅಸಾಧ್ಯವೇನೂ ಅಲ್ಲ.

2025ರ ಅಕ್ಟೋಬರ 1ರ ಸರಕಾರಿ ನಿರ್ಣಯದಂತೆ, ಮದ್ಯ ಮಾರುವಂಥವುಗಳ ಹೊರತು, ಅಂಗಡಿ-ಹೊಟೇಲುಗಳನ್ನು ಇಪ್ಪತ್ತನಾಲ್ಕು ತಾಸೂ ತೆರೆದಿಡಬಹುದು. ಪವಾಯಿಯಂತಹ ರಾತ್ರಿಪಾಳಿಯ ಕಚೇರಿಗಳಿರುವಲ್ಲಿ ಇದು ವ್ಯಾಪಾರಕ್ಕೆ ಅನುಕೂಲವೇ. ಆದರೆ ಹೊಟೇಲಿಗೆ ನಿದ್ದೆ ಬೇಡವಾದರೂ ಮನುಷ್ಯನಿಗೆ ಬೇಕು. ಪ್ರತಿಯೊಬ್ಬ ಕೆಲಸಗಾರನಿಗೂ ವಾರಕ್ಕೆ ಸತತ 24 ತಾಸುಗಳ ಬಿಡುವು ಇರಬೇಕೆಂದು ಆ ನಿರ್ಣಯವೇ ಹೇಳುತ್ತದೆ. ಈ ಮಾತನ್ನು ಕಾರ್ಮಿಕ ಬಂಧುಗಳು ನೆನಪಿನಲ್ಲಿಡಬೇಕು.

ಕನಿಷ್ಠ ಕೂಲಿಯ ವಿಷಯದಲ್ಲೂ ತಲೆಯೆಣಿಕೆಯಿಲ್ಲ. 2025ರ ನವೆಂಬರ 21ರಂದು ಜಾರಿಗೆ ಬಂದ ಕೇಂದ್ರದ ವೇತನ ಸಂಹಿತೆಯಂತೆ ಅದು ಇಬ್ಬರಿರುವ ಚಹಾದಂಗಡಿಗೂ ಅನ್ವಯಿಸುತ್ತದೆ.

ಆದುದರಿಂದ ಕೆಲಸಗಾರರಿಗೆ ನಮ್ಮ ಸೂಚನೆಯಿಷ್ಟೆ: ಕೆಲಸಕ್ಕೆ ಸೇರಿದ ತಾರೀಕು, ಸಂಬಳ, ದುಡಿದ ತಾಸು, ಪಡೆದ ರಜೆ ಇವನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿರಿ. ಬರೆಯಲು ಬಾರದವನಿಗೆ ಗುಮಾಸ್ತ ಮಿತ್ರನು ಬರೆದುಕೊಡಲಿ. ಸಂಬಳವನ್ನು ಬ್ಯಾಂಕಿನ ಮೂಲಕ ಕೇಳಿ ಪಡೆಯಿರಿ. ಮಾಲಕ ಬಂಧುಗಳಲ್ಲಿ ನಮ್ಮ ವಿನಂತಿ: ಕಾಯಿದೆ ಕೇಳದಿದ್ದರೂ ವಾರದ ಬಿಡುವಿನ ಪಾಳಿಪಟ್ಟಿಯನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿರಿ. ನಮ್ಮ ಕನ್ನಡ ಸಂಘಗಳು ಹಬ್ಬದ ಕಾರ್ಯಕ್ರಮಗಳ ನಡುವೆ ಒಂದು ಸಂಜೆಯನ್ನು ಈ ನಿಯಮಗಳನ್ನು ಓದಿ ತಿಳಿಸುವುದಕ್ಕೆ ಮೀಸಲಿಟ್ಟರೆ, ಅದು ಯಾವ ಸನ್ಮಾನಕ್ಕಿಂತಲೂ ಹೆಚ್ಚಿನ ಸೇವೆಯಾದೀತು.