ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಕಾಲು ಜೋಡಿಸುವುದು

ಅಮೆರಿಕದಲ್ಲಿರುವ ನನ್ನ ಮಾಮು ತಮ್ಮ ಗ್ಯಾರೇಜಿನಲ್ಲಿ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದಾರೆ. ಅಲ್ಲಿ ಇದಕ್ಕೆ ಕಾನೂನಿನ ಅನುಮತಿ ಇದೆ. ಆದರೆ ಹೆಚ್ಚಿನ ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು. ಇಂಥವರ ಸಂಘವೊಂದು 1953ರಲ್ಲೇ ವಿಸ್ಕಾನ್ಸಿನ್ ರಾಜ್ಯದಲ್ಲಿ ಆರಂಭವಾಯಿತು. ಕಳೆದ ರಜೆಯಲ್ಲಿ ಮಾಮು ಲ್ಯಾಂಡಿಂಗ್ ಗೇರ್, ಅಂದರೆ ಚಕ್ರ ಮತ್ತು ಅದರ ಕಾಲು, ಜೋಡಿಸುವುದನ್ನು ವಿಡಿಯೋ ಕರೆಯಲ್ಲಿ ನೋಡಿದೆ.

ಮೊದಲು ಒಂದು ಲೆಕ್ಕ. 600 ಕಿಲೋ ತೂಕದ ವಿಮಾನ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಕೆಳಗಿಳಿದು ನೆಲ ಮುಟ್ಟಿತು ಎನ್ನಿ. ಆ ಇಳಿತದ ಚಲನಶಕ್ತಿ 2,700 ಜೂಲ್. ಅದು 2 ಸೆಂ.ಮೀ. ದೂರದಲ್ಲಿ ನಿಲ್ಲಬೇಕಾದರೆ ಸರಾಸರಿ 1,35,000 ನ್ಯೂಟನ್ ಬಲ ಬೀಳುತ್ತದೆ. ಕಾಲು ಸ್ಪ್ರಿಂಗಿನಂತೆ ಬಾಗಿ 20 ಸೆಂ.ಮೀ. ದೂರ ಕೊಟ್ಟರೆ 13,500 ನ್ಯೂಟನ್ ಮಾತ್ರ. ಅದಕ್ಕಾಗಿಯೇ ಅನೇಕ ಸಣ್ಣ ವಿಮಾನಗಳಿಗೆ ಸ್ಪ್ರಿಂಗ್ ಉಕ್ಕಿನ ಕಾಲುಗಳಿರುತ್ತವೆ.

ಈ ಬಲವೆಲ್ಲ ಕೆಲವೇ ಬೋಲ್ಟುಗಳ ಮೂಲಕ ವಿಮಾನದ ಒಡಲಿಗೆ ಹೋಗುತ್ತದೆ. ಬೋಲ್ಟಿನ ನುಣುಪಾದ ಭಾಗ ರಂಧ್ರದೊಳಗೆ ಇರಬೇಕು, ಮರೆಗಳ ಮೇಲೆ ಭಾರ ಬೀಳಬಾರದು. ಉದ್ದದಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೆ ವಾಷರ್ ಹಾಕಿ ಸರಿಮಾಡುತ್ತಾರೆ. ಬಿಗಿಸುವುದಕ್ಕೂ ಅಳತೆ ಇದೆ. 1/4 ಇಂಚು ವ್ಯಾಸದ ಸಾಮಾನ್ಯ ವಿಮಾನ ಬೋಲ್ಟಿಗೆ 50ರಿಂದ 70 ಇಂಚು-ಪೌಂಡ್ ಟಾರ್ಕ್. ಕಡಿಮೆಯಾದರೆ ಜೋಡಣೆ ಅಲುಗಾಡುತ್ತದೆ, ಹೆಚ್ಚಾದರೆ ಬೋಲ್ಟೇ ಹಿಗ್ಗುತ್ತದೆ. ಹಾಗಾಗಿ ಕೈಯ ಅಂದಾಜು ಸಾಲದು, ಟಾರ್ಕ್ ಸ್ಪ್ಯಾನರ್ ಬೇಕು.

ಮುಂದಿನದು ಚಕ್ರಗಳ ನೇರ. ಒಡಲಿನ ನಡುವಿನಿಂದ ಮುಂದೆ ಒಂದು, ಹಿಂದೆ ಒಂದು ತೂಗುಗುಂಡು ಇಳಿಬಿಟ್ಟು, ಆ ಎರಡು ಬಿಂದುಗಳನ್ನು ಸೇರಿಸಿ ನೆಲದ ಮೇಲೆ ಗೆರೆ ಎಳೆಯುತ್ತಾರೆ. ಎರಡೂ ಚಕ್ರಗಳು ಆ ಗೆರೆಗೆ ಸಮಾನಾಂತರವಾಗಿರಬೇಕು. ಓರೆಯಿದ್ದರೆ ಆಕ್ಸಲ್ ಮತ್ತು ಕಾಲಿನ ನಡುವೆ ಒಂದು ಅಂಚು ದಪ್ಪ, ಇನ್ನೊಂದು ಅಂಚು ತೆಳುವಾದ ಲೋಹದ ಬಿಲ್ಲೆ ಸೇರಿಸುತ್ತಾರೆ. ಓರೆ ಉಳಿದರೆ ಟೈರ್ ಬೇಗ ಸವೆಯುತ್ತದೆ, ಓಡುದಾರಿಯಲ್ಲಿ ವಿಮಾನ ಪಕ್ಕಕ್ಕೆ ಎಳೆಯುತ್ತದೆ.

ಅಳತೆಗೆ ಬಿಗಿಸಿದ ಪ್ರತಿ ನಟ್ಟಿನ ಮೇಲೂ ಮಾಮು ಬಣ್ಣದ ಗೆರೆ ಎಳೆಯುತ್ತಿದ್ದರು. ನಟ್ ಸಡಿಲವಾಗಿ ತಿರುಗಿದರೆ ಗೆರೆ ಒಡೆದು ಕಾಣುತ್ತದೆ.

ಕೊನೆಯ ದಿನ ನಾನು, "ಮಾಮು, ಎಡಗಾಲಿನ ಒಂದು ನಟ್ಟಿಗೆ ಗೆರೆಯೇ ಇಲ್ಲ" ಎಂದೆ.

"ಅದನ್ನು ಬಿಗಿಸಿದ್ದು ನನಗೆ ಚೆನ್ನಾಗಿ ನೆನಪಿದೆ ಬೇಟಾ" ಎಂದರು. ಆದರೂ ಸ್ಪ್ಯಾನರ್ ಹಾಕಿ ನೋಡಿದರು. ಅದು ಕಾಲು ಸುತ್ತು ತಿರುಗಿದ ಮೇಲೆ 'ಟಕ್' ಎಂದಿತು. ಊಟಕ್ಕೆ ಎದ್ದು ಹೋಗುವಾಗ ಅದನ್ನು ಬರೀ ಕೈಬಿಗಿ ಮಾಡಿ ಬಿಟ್ಟಿದ್ದರು. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಎಲ್ಲ ನಟ್ಟುಗಳನ್ನೂ ಮೊದಲಿನಿಂದ ಪರೀಕ್ಷಿಸಿದರು.

"ಪಕ್ಕದ ಸೀಟಿನಲ್ಲಿ ಕೂರುವವರ ಜೀವ ನನ್ನ ಕೈಯಲ್ಲಿರುವ ಅಮಾನತ್. ನೆನಪನ್ನು ನಂಬಿ ಅದನ್ನು ಕಾಯಲಾಗದು" ಎಂದರು.

ಈಗ ಲ್ಯಾಬಿನಲ್ಲಿ ರೀಡಿಂಗ್ ಕಂಡ ಕೂಡಲೇ ಬರೆದುಕೊಳ್ಳುತ್ತೇನೆ, ಆಮೇಲೆ ನೆನಪಿನಿಂದ ತುಂಬುವುದಿಲ್ಲ.